ಮರಳುವ ದಾರಿ ತಪ್ಪಿದ ಕರೆಂಟು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗಲ್ಲಿಗಳಲ್ಲಿ ಹಳೆಯ ಜೀಪು, ಕಾರು, ಬೈಕುಗಳಿಗೆ ಹೊಸ ರೂಪ ಕೊಡುವ ಕೆಲಸ ವರ್ಷವಿಡೀ ನಡೆಯುತ್ತಲೇ ಇರುತ್ತದೆ. ಬಣ್ಣ ಹೊಸದು, ಸೀಟು ಹೊಸದು, ದೀಪಗಳೂ ಹೊಸವು. ಆದರೆ ನಾಲ್ಕು ಮಳೆ ಬಿದ್ದ ಕೂಡಲೇ ದೂರುಗಳು ಶುರುವಾಗುತ್ತವೆ. ಬ್ರೇಕ್ ಒತ್ತಿದರೆ ಸ್ಪೀಡೋಮೀಟರಿನ ದೀಪ ಹತ್ತುತ್ತದೆ, ಹೆಡ್‌ಲೈಟ್ ಹಾಕಿದರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ, ಹಾರ್ನ್ ಒತ್ತಿದರೆ ಪಾರ್ಕ್ ಲೈಟ್ ಮಂಕಾಗುತ್ತದೆ. ಎಲ್ಲಿಂದಲೋ ವೋಲ್ಟೇಜ್ ನುಗ್ಗುತ್ತಿದೆ ಎಂದು ಮಾಲೀಕರು ಹೇಳುತ್ತಾರೆ. ರಿಪೇರಿಯವರು ಒಂದೊಂದೇ ವೈರನ್ನು ಕತ್ತರಿಸಿ ನೋಡುತ್ತಾ ಹೋಗುತ್ತಾರೆ. ಇಂತಹ ದೋಷಗಳ ಬೇರು ಬಹುಪಾಲು ಕರೆಂಟು ಮರಳುವ ದಾರಿಯಲ್ಲಿ, ಅಂದರೆ ಅರ್ತಿನಲ್ಲಿ, ಇರುತ್ತದೆ. ಅದನ್ನು ಒಂದು ವೈರನ್ನೂ ಕತ್ತರಿಸದೆ ಹುಡುಕುವುದು ಹೇಗೆಂಬುದೇ ಇಂದಿನ ಮಾತು.

ಇಂದಿನ ಕಾರು, ಜೀಪು, ಬೈಕುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಯ ನೆಗೆಟಿವ್ ತುದಿಯನ್ನು ವಾಹನದ ಲೋಹದ ಮೈಗೆ ಜೋಡಿಸಿರುತ್ತಾರೆ. ದೀಪಕ್ಕೆ ಸ್ವಿಚ್ಚಿನಿಂದ ಒಂದೇ ವೈರು ಹೋಗುತ್ತದೆ, ಕರೆಂಟು ಬ್ಯಾಟರಿಗೆ ಮರಳುವುದು ಲೋಹದ ಮೈ ಮೂಲಕ. ಹಳೆಯ ಬ್ರಿಟಿಷ್ ವಾಹನಗಳಲ್ಲಿ ಹಲವಕ್ಕೆ ಪಾಸಿಟಿವ್ ತುದಿಯೇ ಮೈಗೆ ಜೋಡಣೆಯಾಗಿರುತ್ತಿತ್ತಾದ್ದರಿಂದ, ಅಂಥ ಗಾಡಿಗೆ ಎಲ್‌ಇಡಿ ದೀಪವನ್ನೋ ಸ್ಟೀರಿಯೋವನ್ನೋ ಹಾಕುವ ಮೊದಲು ಬ್ಯಾಟರಿಯ ಯಾವ ತುದಿ ಎಲ್ಲಿಗೆ ಹೋಗಿದೆ ಎಂದು ನೋಡಿಕೊಳ್ಳುವುದು ಅಗತ್ಯ. ಮರಳುವ ದಾರಿ ಬಣ್ಣದಿಂದಲೋ ತುಕ್ಕಿನಿಂದಲೋ ಮುಚ್ಚಿಹೋದಾಗ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ. ರಾಜಕಾಲುವೆ ಕಟ್ಟಿಕೊಂಡಾಗ ಮಳೆನೀರು ಪಕ್ಕದ ಬಡಾವಣೆಗೆ ತಿರುಗುವಂತೆ, ಅದು ಇನ್ನೊಂದು ದೀಪದ ಫಿಲಮೆಂಟಿನೊಳಗಿಂದ ಹಾದು ಬ್ಯಾಟರಿ ಸೇರಲು ನೋಡುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹಳೆಯ 350 ಸಿಸಿ ಬೈಕೊಂದರ ಫ್ರೇಮು, ಮಡ್‌ಗಾರ್ಡುಗಳಿಗೆ ಪೌಡರ್ ಕೋಟಿಂಗ್, ಅಂದರೆ ಕರೆಂಟು ಹರಿಯಗೊಡದ ಪುಡಿಬಣ್ಣದ ಲೇಪ, ಮಾಡಿಸಲಾಗಿದೆ. ಲೈಟ್ ಸ್ವಿಚ್ ಆಫ್ ಇದ್ದರೂ ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಮಂಕಾಗಿ ಉರಿಯುತ್ತದೆ, ಅದರ ಜೊತೆಗೆ ಮುಂದಿನ ಸ್ಪೀಡೋಮೀಟರಿನ ದೀಪವೂ ಮಿಣುಕುತ್ತದೆ. ಹಿಂದಿನ ಬಲ್ಬಿನಲ್ಲಿ 21 ವ್ಯಾಟಿನ ಬ್ರೇಕ್ ಫಿಲಮೆಂಟ್ ಮತ್ತು 5 ವ್ಯಾಟಿನ ಟೇಲ್ ಫಿಲಮೆಂಟ್ ಎರಡೂ ಇವೆ, ಎರಡಕ್ಕೂ ಬಲ್ಬಿನ ಹಿತ್ತಾಳೆಯ ಮೈಯೇ ಅರ್ತ್. ಆ ಮೈ ಹೋಲ್ಡರಿಗೆ, ಹೋಲ್ಡರು ಬ್ರಾಕೆಟ್ಟಿಗೆ, ಬ್ರಾಕೆಟ್ಟು ಮಡ್‌ಗಾರ್ಡಿಗೆ ತಾಗಬೇಕು. ಕೊನೆಯ ಜಾಗದಲ್ಲಿ ಬೋಲ್ಟಿನ ಕೆಳಗೆ ಪೌಡರ್ ಕೋಟಿಂಗ್ ಹಾಗೆಯೇ ಉಳಿದಿದೆ. ಈಗ ಬ್ರೇಕಿನ ಕರೆಂಟು 21 ವ್ಯಾಟಿನ ಫಿಲಮೆಂಟನ್ನು ದಾಟಿ, ಅರ್ತ್ ಸಿಗದೆ 5 ವ್ಯಾಟಿನ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಪಾರ್ಕ್ ಲೈಟಿನ ವೈರು ಹಿಡಿದು ಮುಂದಕ್ಕೆ ಬಂದು, ಸ್ಪೀಡೋಮೀಟರಿನ ಪುಟ್ಟ ಬಲ್ಬಿನ ಮೂಲಕ ಅರ್ತ್ ಸೇರುತ್ತದೆ. ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಕೆಂಪು ಕಡ್ಡಿಯನ್ನು ಬಲ್ಬಿನ ಹಿತ್ತಾಳೆಯ ಮೈಗೂ ಇಟ್ಟು ಬ್ರೇಕ್ ಒತ್ತಿದರೆ, ಸೊನ್ನೆ ಇರಬೇಕಾದ ಕಡೆ 12 ವೋಲ್ಟಿನ ಆಸುಪಾಸು ಕಾಣಿಸುತ್ತದೆ. ಸ್ವಿಚ್ಚು, ವೈರು, ಬಲ್ಬು ಎಲ್ಲವೂ ಸರಿಯಿದ್ದು, ಕೆಟ್ಟಿರುವುದು ಬಲ್ಬಿನಿಂದಾಚೆಗಿನ ಅರ್ತಿನ ದಾರಿ ಮಾತ್ರ ಎಂಬುದಕ್ಕೆ ಇಷ್ಟು ಸಾಕು.

ಇಲ್ಲಿ ಬ್ರೇಕ್ ಒತ್ತಿ ಅಳೆದದ್ದನ್ನು ಗಮನಿಸಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮಿನಷ್ಟಿರುವುದರಿಂದ ಅದು ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ; ಹೀಗಾಗಿ ಒದ್ದೆಯಾದ ಕನೆಕ್ಟರಿನಲ್ಲಿ ಸೋರುವ ಅತ್ಯಲ್ಪ ಕರೆಂಟು ಸಹ ಅದರಲ್ಲಿ 8 ವೋಲ್ಟೋ 10 ವೋಲ್ಟೋ ಆಗಿ ಕಾಣಿಸಿ, ಇಲ್ಲದ ದೋಷವೊಂದನ್ನು ತೋರಿಸಬಹುದು. ಅದೇ ಜಾಗಕ್ಕೆ 5 ವ್ಯಾಟಿನ ಬಲ್ಬಿರುವ ಟೆಸ್ಟ್ ಲ್ಯಾಂಪ್ ಹಿಡಿದರೆ ಆ ಹುಸಿ ವೋಲ್ಟೇಜ್ ಕುಸಿದುಬೀಳುತ್ತದೆ, ಬಲ್ಬು ಹತ್ತುವುದಿಲ್ಲ. ಹತ್ತಿದರೆ ಮಾತ್ರ ಅಲ್ಲಿ ನಿಜವಾಗಿಯೂ ಕರೆಂಟು ಹರಿಯಬಲ್ಲದು. ಹಳೆಯ ಕಾಲದ ಎಲೆಕ್ಟ್ರೀಷಿಯನ್ನರು ಒಂದು ಹೋಲ್ಡರಿಗೆ ಎರಡು ವೈರು ಬೆಸೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಆ ದೀಪವನ್ನು ಇಂದಿನವರು ಕೀಳಾಗಿ ಕಾಣುವುದು ನನಗೆ ಸರಿ ಎನಿಸುವುದಿಲ್ಲ. ಆದರೆ ಕಂಪ್ಯೂಟರ್ ನಿಯಂತ್ರಿತ ಎಂಜಿನ್ನಿನ ಸೆನ್ಸರ್ ವೈರುಗಳಿಗೆ ಮಾತ್ರ ಅದನ್ನು ತಾಗಿಸಬಾರದು, ಒಳಗಿನ ಸರ್ಕ್ಯೂಟ್ ಸುಡುವ ಅಪಾಯವಿದೆ.

ವೈರು ತುಂಡಾಗಿಲ್ಲವೆಂದು ತಿಳಿಸುವ ಮೀಟರಿನ ‘ಬೀಪ್’ ಸದ್ದಿನ ಮೇಲೂ ಪೂರ್ತಿ ಭರವಸೆ ಇಡುವಂತಿಲ್ಲ. ಹತ್ತಾರು ತಾಮ್ರದ ಎಳೆಗಳ ಕೇಬಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಬೀಪ್ ಅನ್ನುತ್ತದೆ, ಆದರೆ ಸೆಲ್ಫ್ ಮೋಟರು 150 ಆಂಪಿಯರ್ ಕೇಳಿದಾಗ ಆ ಎಳೆ ಏನು ತಾನೇ ಕೊಟ್ಟೀತು? ಓಮಿನ ನೂರನೆಯ ಒಂದು ಭಾಗದಷ್ಟು ರೋಧವಿದ್ದರೂ 150 ಆಂಪಿಯರಿಗೆ ಒಂದೂವರೆ ವೋಲ್ಟು ಅಲ್ಲೇ ಕರಗುತ್ತದೆ, ಮತ್ತು ಅಷ್ಟು ಸಣ್ಣ ರೋಧವನ್ನು ಸಾಮಾನ್ಯ ಮೀಟರು ಅಳೆಯಲಾರದು. ಆದ್ದರಿಂದ ರೋಧವನ್ನು ಅಳೆಯುವ ಗೋಜಿಗೆ ಹೋಗದೆ, ಲೋಡ್ ಹಾಕಿ, ಅಂದರೆ ದೀಪವನ್ನೋ ಮೋಟರನ್ನೋ ನಡೆಸಿ, ಎರಡು ಲೋಹದ ನಡುವೆ ಎಷ್ಟು ವೋಲ್ಟೇಜ್ ಉಳಿಯುತ್ತದೆಂದು ನೋಡುವುದೇ ಸರಿಯಾದ ಕ್ರಮ. ಹೆಡ್‌ಲೈಟುಗಳನ್ನು ಹತ್ತಿಸಿ, ಬ್ಯಾಟರಿಯ ನೆಗೆಟಿವ್ ತುದಿಯಿಂದ ಹೆಡ್‌ಲೈಟಿನ ಅರ್ತ್ ಪಿನ್ನಿಗೆ ಅಳೆದಾಗ 0.1 ವೋಲ್ಟಿನೊಳಗಿದ್ದರೆ ಚೆನ್ನ, 0.2 ದಾಟಿದರೆ ಹುಡುಕಬೇಕು. ಕಡ್ಡಿಯನ್ನು ದೀಪದಿಂದ ಬ್ಯಾಟರಿಯ ಕಡೆಗೆ ಒಂದೊಂದೇ ಜಾಯಿಂಟ್ ಸರಿಸುತ್ತಾ ಬಂದರೆ, ಯಾವ ಬೋಲ್ಟನ್ನು ದಾಟಿದ ಕೂಡಲೇ ರೀಡಿಂಗ್ ಇಳಿಯುತ್ತದೆಯೋ ಅಲ್ಲಿಯೇ ದೋಷ. ಎರಡು 55 ವ್ಯಾಟಿನ ಬಲ್ಬುಗಳು ಎಳೆಯುವ ಸುಮಾರು 10 ಆಂಪಿಯರ್ ಕರೆಂಟಿಗೆ ಅರ್ತಿನಲ್ಲಿ 0.1 ಓಮ್ ಅಡ್ಡಿಯಿದ್ದರೆ ಒಂದು ವೋಲ್ಟು ನಷ್ಟ. ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಫಿಲಮೆಂಟ್ ಬಲ್ಬಿನ ಬೆಳಕು ಶೇಕಡಾ 30ರಷ್ಟು ಕುಗ್ಗುತ್ತದೆ. ಬೆಳಕು ಸಾಲದೆಂದು 100 ವ್ಯಾಟಿನ ಬಲ್ಬು ಹಾಕಿಸಿಕೊಳ್ಳುವವರು ಮೊದಲು ಇದನ್ನು ಅಳೆಸಿ ನೋಡಿದರೆ ಹಣವೂ ಉಳಿಯುತ್ತದೆ, ವೈರೂ ಉಳಿಯುತ್ತದೆ.

ಜೀಪು, ಕಾರುಗಳಲ್ಲಿ ಎಂಜಿನ್ನಿನ ಅರ್ತ್ ಬೇರೆಯೇ ಒಂದು ಅಧ್ಯಾಯ. ಎಂಜಿನ್ ಕೂರುವುದು ರಬ್ಬರಿನ ಮೌಂಟುಗಳ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕಾಗಿ ಎಂಜಿನ್ನಿನಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರಲೇಬೇಕು. ಎಂಜಿನ್ ಇಳಿಸಿ ಮತ್ತೆ ಕೂರಿಸುವಾಗ ಈ ಪಟ್ಟಿಯನ್ನು ಮರೆತುಬಿಡುವುದು ಅಪರೂಪವೇನಲ್ಲ. ಆಗ ಸೆಲ್ಫ್ ಹೊಡೆದಾಗಲೆಲ್ಲ ಭಾರೀ ಕರೆಂಟು ಆಕ್ಸಿಲರೇಟರ್ ಕೇಬಲಿನ, ಕ್ಲಚ್ ಕೇಬಲಿನ ಉಕ್ಕಿನ ತಂತಿಯನ್ನು ಹಿಡಿದು ಹೋಗುತ್ತದೆ, ಕೇಬಲು ಬಿಸಿಯಾಗುತ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯುತ್ತದೆ. ಹೊಸ ಕೇಬಲು ಹಾಕಿಸಿದರೂ ಮತ್ತೆ ಮತ್ತೆ ಬಿಗಿಯುತ್ತಿದ್ದರೆ ಕೇಬಲನ್ನು ಬೈಯದೆ ಅರ್ತ್ ಪಟ್ಟಿಯನ್ನು ನೋಡಬೇಕು. ಒಂದೇ ವೈರಿನ ಟೆಂಪರೇಚರ್ ಸೆನ್ಸರು ಕೂಡ ಎಂಜಿನ್ನಿನ ಲೋಹವನ್ನೇ ಅರ್ತಾಗಿ ನಂಬಿರುವುದರಿಂದ, ನೀರು ಸೋರದಿರಲೆಂದು ಅದರ ತಿರುಪಿನ ಸುತ್ತುಗಳಿಗೆ ದಪ್ಪವಾಗಿ ಟೆಫ್ಲಾನ್ ಟೇಪ್ ಸುತ್ತಿದರೆ ಮುಳ್ಳು ಸುಳ್ಳು ಹೇಳುತ್ತದೆ.

ಅರ್ತಿನ ದೋಷದಂತೆಯೇ ತೋರುವ, ಆದರೆ ಅದಲ್ಲದ ಒಂದು ತೊಂದರೆಯನ್ನೂ ಹೇಳಬೇಕು. ಹಳೆಯ ಬೈಕುಗಳಲ್ಲಿ ಎಡ, ಬಲ ಎರಡೂ ಇಂಡಿಕೇಟರಿಗೆ ಮೀಟರಿನಲ್ಲಿ ಒಂದೇ ಸೂಚಕ ಬಲ್ಬು ಇರುವುದುಂಟು. ಅದು ಎರಡು ಬದಿಯ ವೈರುಗಳ ನಡುವೆ ಜೋಡಣೆಯಾಗಿದ್ದು, ಎದುರು ಬದಿಯ ಬಲ್ಬುಗಳ ಮೂಲಕ ಅರ್ತ್ ಪಡೆಯುತ್ತದೆ. ಆ ಅಲ್ಪ ಕರೆಂಟಿಗೆ ಇಂಡಿಕೇಟರಿನ ಫಿಲಮೆಂಟ್ ಬಲ್ಬುಗಳು ಹತ್ತುತ್ತಿರಲಿಲ್ಲ. ಅವುಗಳ ಬದಲಿಗೆ ಹಾಕಿಸುವ ಎಲ್‌ಇಡಿಗಳಿಗೆ ಅಷ್ಟು ಕರೆಂಟೇ ಬೇಕಾದಷ್ಟು, ಆದ್ದರಿಂದ ನಾಲ್ಕೂ ಒಟ್ಟಿಗೆ ಮಿನುಗುತ್ತವೆ. ಸೂಚಕ ಬಲ್ಬಿನ ಒಂದು ತುದಿಯನ್ನು ಅರ್ತಿಗೆ ಕೊಟ್ಟು, ಇನ್ನೊಂದು ತುದಿಗೆ ಎರಡು ಬದಿಯ ವೈರುಗಳಿಂದ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಒಂದೊಂದು ಜೋಡಿಸಿದರೆ ಅದು ಸರಿಹೋಗುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಆ ಡಯೋಡಿನ ಬೆಲೆ ಕೆಲವೇ ರೂಪಾಯಿ.

ಇನ್ನು ಅರ್ತ್ ಮಾಡುವ ಬಗೆ. ಬೋಲ್ಟು ಕೂರುವ ಜಾಗದ ಬಣ್ಣವನ್ನು ಲಗ್ಗಿನ, ಅಂದರೆ ವೈರಿನ ತುದಿಗೆ ಹಾಕುವ ಲೋಹದ ಬಳೆಯ, ಅಗಲಕ್ಕೆ ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಬೇಕು, ಲಗ್ಗನ್ನು ವೈರಿಗೆ ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು, ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಬೇಕು. ತಾಮ್ರವೂ ಅಲ್ಯುಮಿನಿಯಮ್ಮೂ ಒದ್ದೆಯಲ್ಲಿ ತಾಗಿಕೊಂಡಿದ್ದರೆ ಸವೆತ ಬೇಗ, ಆದ್ದರಿಂದ ತವರದ ಲೇಪವಿರುವ ಲಗ್ಗು ಒಳ್ಳೆಯದು. ಪೌಡರ್ ಕೋಟಿಂಗ್ ಆದ ಫ್ರೇಮಿಗೂ ಫೈಬರ್ ಬಾಡಿಗೂ ನನ್ನ ಸಲಹೆ ಒಂದೇ: ಮೈಯನ್ನು ನಂಬದೆ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ವೈರು ಎಳೆದು, ಎಲ್ಲವನ್ನೂ ಒಂದೇ ಕಡೆ ಕೂಡಿಸಿ, ಅಲ್ಲಿಂದ ದಪ್ಪ ವೈರನ್ನು ಬ್ಯಾಟರಿಗೆ ಒಯ್ಯಬೇಕು. ಹಾಳಾದ ಅರ್ತನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ತಂತಿ ಕಟ್ಟುವ ಜಾಣತನ ಬೇಡ. ಆರು ತಿಂಗಳಾದ ಮೇಲೆ ಆ ಗಾಡಿ ರಿಪೇರಿಗೆ ಬಂದಾಗ ಯಾವುದು ಎಲ್ಲಿಗೆ ಹೋಗಿದೆಯೆಂದು ಕಟ್ಟಿದವರಿಗೇ ತಿಳಿಯುವುದಿಲ್ಲ.

ಕೆಲಸಕ್ಕೆ ಕೈ ಹಾಕುವಾಗ, ನೆಗೆಟಿವ್ ತುದಿ ಮೈಗೆ ಜೋಡಣೆಯಾಗಿರುವ ಗಾಡಿಯಲ್ಲಿ, ಬ್ಯಾಟರಿಯ ನೆಗೆಟಿವ್ ಕೇಬಲನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಹಾಕಬೇಕು; ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರು ಗಾಡಿಯ ಲೋಹದ ಮೈಗೆ ತಾಗಿದರೆ ನೇರ ಶಾರ್ಟ್ ಆಗುತ್ತದೆ. ಹೊಸ ವೈರಿಂಗ್ ಮಾಡಿಸಿದವರು ಹಣ ಕೊಡುವ ಮುಂಚೆ ಎಂಜಿನ್ ಓಡುತ್ತಿರುವಾಗಲೇ ಹೆಡ್‌ಲೈಟು, ಬ್ರೇಕು, ಹಾರ್ನು ಎಲ್ಲವನ್ನೂ ಒಟ್ಟಿಗೆ ಹಾಕಿಸಿ, ಬ್ಯಾಟರಿಯ ನೆಗೆಟಿವ್ ತುದಿಗೂ ಹಿಂದಿನ ದೀಪದ ಅರ್ತಿಗೂ ನಡುವಿನ ರೀಡಿಂಗನ್ನು ತೋರಿಸಲು ಕೇಳಿ ಬರೆದಿಟ್ಟುಕೊಳ್ಳಬಹುದು. ಒಂದು ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆದು, ಅಂಕಿ ಏರಿದ್ದರೆ ಆ ಬೋಲ್ಟನ್ನು ಬಿಚ್ಚಿ ಮತ್ತೊಮ್ಮೆ ಉಜ್ಜಿಸಿದರೆ ಆಯಿತು. ನಮಸ್ಕಾರ.