ಗ್ಯಾಸ್ ಗೀಸರ್ ಕೈಕೊಟ್ಟರೆ ಮೊದಲು ನೀರು ನೋಡಿ

ನಮಸ್ಕಾರ. ಇವತ್ತು ಮಂಡ್ಯದಲ್ಲಿದ್ದೇನೆ, ಅತ್ತೆ ಮನೆಯಲ್ಲಿ. ಹಿತ್ತಲ ಗೋಡೆಯ ಮೇಲೆ ಕಾಣುತ್ತಿದೆಯಲ್ಲ, ಅದೇ ಇವತ್ತಿನ ರೋಗಿ. ಗ್ಯಾಸ್ ಗೀಸರ್.

ಅತ್ತೆಯ ತೀರ್ಪು ಆಗಲೇ ಹೊರಬಿದ್ದಿದೆ. "ಚಳಿಗೆ ಗ್ಯಾಸ್ ಗಟ್ಟಿ ಆಗ್ಬಿಟ್ಟಿದೆ ಕಣೋ, ಸಿಲಿಂಡರ್ ಸ್ವಲ್ಪ ಅಲ್ಲಾಡ್ಸು." ಈ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತ ಗ್ಯಾಸ್, ಒತ್ತಡಕ್ಕೆ ದ್ರವವಾಗಿ ಕೂತಿರುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. ಮಂಡ್ಯದ ಚಳಿ ಎಷ್ಟೇ ಇದ್ದರೂ ಸೊನ್ನೆಗೆ ಇಳಿಯುವುದಿಲ್ಲ, ಹಾಗಾಗಿ ಗ್ಯಾಸ್ ಗಟ್ಟಿಯಾಗುವ ಮಾತೇ ಇಲ್ಲ. ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿ ಇಡುವುದು ಖಂಡಿತ ಬೇಡ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು, ಅದು ಅಪಾಯ.

ಈಗ ನಲ್ಲಿ ತಿರುಗಿಸುತ್ತೇನೆ, ಕಿವಿಗೊಟ್ಟು ಕೇಳಿ. ಟಕ ಟಕ ಸದ್ದು ಬರಬೇಕು. ಬರಲಿಲ್ಲ.

ಗೀಸರಿಗೆ ಕಿಡಿ ಕೊಡುವುದು ಕೆಳಗೆ ಕೂತಿರುವ ಎರಡು ದಪ್ಪ ಸೆಲ್‌ಗಳು, ಒಂದೊಂದು 1.5 ವೋಲ್ಟ್. ಸದ್ದು ಮಂಕಾಗಿದ್ದರೆ ಸೆಲ್ ಬದಲಾಯಿಸಿ. ಎರಡನ್ನೂ ಒಟ್ಟಿಗೆ, ಹಳೆಯದೊಂದು ಹೊಸದೊಂದು ಹಾಕಬೇಡಿ. ಇಲ್ಲಿ ಹೊಸ ಸೆಲ್ ಹಾಕಿದೆ, ಆದರೂ ಸದ್ದಿಲ್ಲ. ಅಂದರೆ ನೀರಿನ ಕಡೆ ಹೋಗಬೇಕು.

ಹೆಚ್ಚಿನವರು ಎಡವುವುದು ಇಲ್ಲೇ. ಗೀಸರ್ ಒಳಗೆ ಒಂದು ರಬ್ಬರ್ ಪೊರೆ ಇರುತ್ತದೆ. ನೀರು ರಭಸವಾಗಿ ಹರಿದು ಅದನ್ನು ತಳ್ಳಿದರೆ ಮಾತ್ರ ಸ್ವಿಚ್ ಒತ್ತುತ್ತದೆ, ಕಿಡಿ ಬರುತ್ತದೆ, ಗ್ಯಾಸ್ ಬಿಡುತ್ತದೆ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು, 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಅತ್ತೆಯದು ಒಂದೇ ಅಂತಸ್ತಿನ ಮನೆ, ಟ್ಯಾಂಕ್ ತಾರಸಿಯ ಮೇಲೇ ಕೂತಿದೆ. ಎರಡು ಮೂರು ಮೀಟರ್ ಸಿಕ್ಕರೆ ಅದೇ ಜಾಸ್ತಿ. ಅಷ್ಟು ಕಡಿಮೆ ಒತ್ತಡದಲ್ಲಿ ಸ್ವಲ್ಪ ಕಸ ಸಿಕ್ಕಿದರೂ ಸಾಕು, ಗೀಸರ್ ಮುಷ್ಕರ ಹೂಡುತ್ತದೆ.

ಕೆಳಗಿನ ನಲ್ಲಿ ಮುಚ್ಚಿ, ನೀರು ಒಳಬರುವ ಪೈಪ್ ಬಿಚ್ಚಿದೆ. ಈ ಪುಟ್ಟ ಜಾಲರಿ ನೋಡಿ. ಮರಳು, ತುಕ್ಕು, ಬಿಳಿ ಪುಡಿ. ಬೋರ್‌ವೆಲ್ ನೀರಿನ ಕೊಡುಗೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು ಕೂರಿಸಿದೆ. ಇದೇ ಬಿಳಿ ಪದಾರ್ಥ ಒಳಗಿನ ತಾಮ್ರದ ಕೊಳವೆಯಲ್ಲೂ ಕಟ್ಟುತ್ತದೆ. ಆಗ ಉರಿ ಚೆನ್ನಾಗಿದ್ದರೂ ನೀರು ಬೆಚ್ಚಗಷ್ಟೇ ಬರುತ್ತದೆ. ಅದನ್ನು ತೆಗೆಯುವುದು ಮೆಕ್ಯಾನಿಕ್ ಕೆಲಸ.

ಈಗ ಕೇಳಿ. ಟಕ ಟಕ... ಹತ್ತಿಕೊಂಡಿತು.

ಇನ್ನೊಂದು ದೂರು ಮೈಸೂರಿನ ನಮ್ಮ ಮನೆಯಲ್ಲೇ ಇದೆ. ಹತ್ತುತ್ತದೆ, ಸ್ನಾನದ ಮಧ್ಯೆ ಆರಿಹೋಗುತ್ತದೆ. ಬಿಸಿ ಜಾಸ್ತಿಯಾಯಿತೆಂದು ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸುತ್ತೇವೆ ಅಲ್ವಾ? ಆಗ ಗೀಸರ್ ಮೂಲಕ ಹರಿಯುವ ನೀರು ಇಳಿದು ಉರಿ ನಂದುತ್ತದೆ. ಅದರ ಬದಲು ಗ್ಯಾಸ್ ಗುಂಡಿಯನ್ನು ತಗ್ಗಿಸಿ. ಕೆಲವು ಮಾಡೆಲ್‌ಗಳು 20 ನಿಮಿಷಕ್ಕೆ ತಾವಾಗಿಯೇ ನಿಲ್ಲುತ್ತವೆ, ಅದು ಕೆಟ್ಟಿದ್ದಲ್ಲ. ಇನ್ನು ಟಕ ಟಕ ಬಂದೂ ಹತ್ತದಿದ್ದರೆ, ಸಿಲಿಂಡರ್ ಆಗಷ್ಟೇ ಬದಲಾಯಿಸಿದ್ದರೆ, ಪೈಪಿನಲ್ಲಿ ಗಾಳಿ ನಿಂತಿರಬಹುದು. ನಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ಬಿಡದೆ ಒತ್ತುತ್ತಾ ಇದ್ದರೆ ಸುಡದ ಗ್ಯಾಸ್ ಸೇರಿಕೊಂಡು ಭಗ್ ಅಂತ ಹತ್ತುತ್ತದೆ.

ಕಿಂಡಿಯಲ್ಲಿ ಉರಿಯ ಬಣ್ಣ ನೋಡಿ. ನೀಲಿ ಇದ್ದರೆ ಸರಿ. ಹಳದಿ ಇದ್ದರೆ, ಮೇಲೆ ಮಸಿ ಹಿಡಿದಿದ್ದರೆ, ಗ್ಯಾಸ್ ಪೂರ್ತಿ ಸುಡುತ್ತಿಲ್ಲ. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುವ ವಾಸನೆ ಬೇಕೆಂದೇ ಬೆರೆಸಿದ್ದು, ಈ ವಿಷಕ್ಕೆ ಆ ರಕ್ಷಣೆ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಬಂತೆಂದರೆ ಆಫ್ ಮಾಡಿ ಹೊರಗೆ ಬನ್ನಿ. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಇದನ್ನು ಹಾಕಿಸುವವರಿಗೆ ನಾನು ಹೇಳುವುದು ಒಂದೇ, ತೆಗೆಸಿ ಹೊರಗೆ ಹಾಕಿಸಿ. ಉರಿ ಹಳದಿಯಾದ ಗೀಸರನ್ನು ಬಿಚ್ಚಲು ನಾನು ಹೋಗುವುದಿಲ್ಲ, ನೀವೂ ಹೋಗಬೇಡಿ.

ಕೊನೆಗೆ ಪೈಪ್. ಜೋಡಣೆಗಳಿಗೆ ಸೋಪಿನ ನೊರೆ ಸವರಿ, ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಹಿಡಿದು ನೋಡುವ ಧೈರ್ಯ ಮಾಡಬೇಡಿ! ವಾಸನೆ ಬಂದರೆ ಯಾವ ಸ್ವಿಚ್ಚೂ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಕರೆ ಮಾಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅತ್ತೆಯದು ತುದಿಯಲ್ಲಿ ಬಿರುಕು ಬಿಟ್ಟಿದೆ. ಸಿಲಿಂಡರ್ ಬಂದ್ ಮಾಡಿದ್ದೇನೆ, ಗೀಸರ್ ರಿಪೇರಿಯಾಗಿದ್ದರೂ ಹೊಸ ಪೈಪ್ ಬರುವವರೆಗೆ ಒಲೆಯ ಮೇಲಿನ ಹಂಡೆಯೇ ಗತಿ.