ಮಲೆನಾಡಿನ ಮನೆಗೆ ಡಾಕ್ ಬೇಡ, ಸೆಲ್ ಇರಲಿ

ನಮಸ್ಕಾರ. ಟಿವಿ ಆಟಕ್ಕೆ ಕೈಯಲ್ಲಿ ಹಿಡಿಯುವ ಗೇಮ್ ಕಂಟ್ರೋಲರ್‌ಗೆ ಚಾರ್ಜಿಂಗ್ ಡಾಕ್, ಅಂದರೆ ಅದನ್ನು ಕೂರಿಸಿ ಚಾರ್ಜ್ ಮಾಡುವ ಪೀಠ, ಕೊಳ್ಳಬೇಕೇ ಎಂದು ಸಾಗರ, ತೀರ್ಥಹಳ್ಳಿ ಕಡೆಯ ಹುಡುಗರು ಕೇಳುತ್ತಲೇ ಇರುತ್ತಾರೆ. ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್‌ನಿಂದ ನಡೆಯುವ ಕಂಟ್ರೋಲರ್ ನಿಮ್ಮದಾಗಿದ್ದರೆ ಬೇಡವೇ ಬೇಡ. ನಾಲ್ಕು ಒಳ್ಳೆಯ ರೀಚಾರ್ಜ್ ಸೆಲ್, ಒಂದು ಒಳ್ಳೆಯ ಚಾರ್ಜರ್ ತೆಗೆದುಕೊಳ್ಳಿ.

ಡಾಕ್ ಎಂಬುದು ಪ್ಲಗ್ ಕೀಳದ ಮನೆಗಾಗಿ ಮಾಡಿದ ವಸ್ತು. ಆಟ ಮುಗಿದ ಮೇಲೆ ಕಂಟ್ರೋಲರನ್ನು ಅದರ ಮೇಲೆ ಕೂರಿಸಿದರೆ ಮರುದಿನ ಸಂಜೆಯವರೆಗೆ ಅದು ಅಲ್ಲೇ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದರೆ ಸಾಕು, ಟಿವಿಯ ಪ್ಲಗ್ ಕೀಳು ಎಂದು ಅಡುಗೆಮನೆಯಿಂದ ಅಮ್ಮನ ಕೂಗು ಬರುತ್ತದೆ. ಬರಲೇಬೇಕು; ಸಿಡಿಲಿಗೆ ಸುಟ್ಟುಹೋದ ಮೋಡೆಮ್ ಇಲ್ಲದ ಊರು ಯಾವುದಿದೆ? ಜೂನ್ ಹಿಡಿದರೆ ತಂತಿಯ ಮೇಲೆ ಮರ ಬೀಳುವ ಕಾಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದಿತು, ಶರಾವತಿಯ ವಿದ್ಯುತ್ ರಾಜ್ಯಕ್ಕೆಲ್ಲ ಬೆಳಕಾಯಿತು. ಅದೇ ಕಣಿವೆಯ ಒಂಟಿಮನೆಗಳು ಮಳೆಗಾಲದಲ್ಲಿ ಕತ್ತಲಲ್ಲಿ ಕೂರುವುದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಕರೆಂಟಿಗಿಂತ ದೊಡ್ಡ ಶತ್ರು ಥಂಡಿ. ಡಾಕ್ ಮತ್ತು ಕಂಟ್ರೋಲರ್ ಒಂದನ್ನೊಂದು ಮುಟ್ಟುವುದು ಸಣ್ಣ ಲೋಹದ ಬಿಂದುಗಳಲ್ಲಿ. ಅವುಗಳ ಮೇಲಿನ ಲೇಪ ಬಹಳ ತೆಳು. ಬೆರಳಿನ ಬೆವರು, ಆಷಾಢದ ತೇವ ಎರಡೂ ಸೇರಿದರೆ ಅಲ್ಲಿ ಕಿಲುಬು ಹಿಡಿಯುತ್ತದೆ. ಕಪಾಟಿನ ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಬರುವ ಮನೆಯಲ್ಲಿ ಈ ಬಿಂದುಗಳು ಮಾತ್ರ ಹೊಳೆಯುತ್ತಿರಲಿ ಎಂದರೆ ಹೇಗೆ? ಕಂಟ್ರೋಲರ್ ತುಸು ಓರೆಯಾಗಿ ಕೂತರೂ ಚಾರ್ಜ್ ಏರುವುದಿಲ್ಲ.

ಎಎ ಸೆಲ್ ಹಾಕುವ ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗೆಂದು ಬೇರೆ ಕಂಪನಿಗಳು ಮಾರುವ ಡಾಕ್‌ಗಳಲ್ಲಿ ಇನ್ನೊಂದು ತೊಡಕಿದೆ. ಸೆಲ್ ಕೂರುವ ಜಾಗಕ್ಕೆ ಅವು ತಮ್ಮದೇ ಆಕಾರದ ಬ್ಯಾಟರಿ ಪ್ಯಾಕ್ ಕೊಡುತ್ತವೆ. ನಾನು ಕೊಂಡಿದ್ದ ಒಂದರ ಪ್ಯಾಕ್ ಬೇಗನೆ ಸೊರಗಿತು. ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ವಿಚಾರಿಸಿದೆ, ದುರ್ಗಿಗುಡಿಯಲ್ಲಿ ವಿಚಾರಿಸಿದೆ. ಆ ಪ್ಯಾಕ್ ಬಿಡಿಯಾಗಿ ಎಲ್ಲೂ ಇಲ್ಲ. ಪ್ಯಾಕ್ ಸತ್ತ ಮೇಲೆ, ಚೆನ್ನಾಗಿದ್ದ ಡಾಕ್ ಕೂಡ ಕಸ. ಇದು ಗ್ರಾಹಕನಿಗೆ ಮಾಡುವ ಅನ್ಯಾಯ ಎಂದೇ ನನ್ನ ಮಾತು.

ಎಎ ಸೆಲ್‌ಗೆ ಆ ಗತಿ ಇಲ್ಲ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್, ಬಿಸಾಡುವ ಆಲ್ಕಲೈನ್ ಸೆಲ್ 1.5 ವೋಲ್ಟ್, ಹಾಗಾಗಿ ಶಕ್ತಿ ಕಡಿಮೆ ಎಂದು ಹಲವರು ಹಿಂಜರಿಯುತ್ತಾರೆ. ಆದರೆ ಆಲ್ಕಲೈನ್‌ನ ವೋಲ್ಟೇಜ್ ಬಳಸಿದಂತೆಲ್ಲ ಇಳಿಯುತ್ತಾ ಹೋಗುತ್ತದೆ, ನಿಕಲ್ ಸೆಲ್ ಹೆಚ್ಚುಕಡಿಮೆ ಕೊನೆಯವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. 2005ರಲ್ಲಿ ಸಾನ್ಯೋ ಕಂಪನಿ ಎನಿಲೂಪ್ ಎಂಬ ರೀಚಾರ್ಜ್ ಸೆಲ್ ತಂದ ಮೇಲೆ, ಸುಮ್ಮನೆ ಇಟ್ಟರೆ ಚಾರ್ಜ್ ಸೋರಿಹೋಗುವ ಹಳೆಯ ದೂರೂ ಬಹುಮಟ್ಟಿಗೆ ತೀರಿತು. ಕರೆಂಟ್ ಇದ್ದಾಗ ತುಂಬಿಸಿ ಡಬ್ಬಿಯಲ್ಲಿ ಇಡಿ. ಎರಡು ಆಟದಲ್ಲಿ, ಎರಡು ಡಬ್ಬಿಯಲ್ಲಿ. ಕತ್ತಲಾದರೆ ಅವೇ ಟಾರ್ಚಿಗೂ ಆಗುತ್ತವೆ. ಚಾರ್ಜರ್ ಕೊಳ್ಳುವಾಗ ಪ್ರತಿ ಸೆಲ್‌ಗೂ ಬೇರೆ ದೀಪ ಇದೆಯೇ ನೋಡಿ. ಜೋಡಿಯಾಗಿ ಚಾರ್ಜ್ ಮಾಡುವ ಅಗ್ಗದವುಗಳಲ್ಲಿ ಒಂದು ಸೆಲ್ ಉಕ್ಕಿ ಇನ್ನೊಂದು ಅರೆಹೊಟ್ಟೆಯಲ್ಲಿ ಉಳಿಯುತ್ತದೆ.

ಪ್ಲೇಸ್ಟೇಷನ್ 5 ಇರುವವರಿಗೆ ಈ ಆಯ್ಕೆಯೇ ಇಲ್ಲ. ಅದರ ಕಂಟ್ರೋಲರ್ ಡ್ಯುಯಲ್‌ಸೆನ್ಸ್‌ನ ಲಿಥಿಯಂ ಬ್ಯಾಟರಿ ಒಳಗೇ ಸೇರಿಕೊಂಡಿದೆ. ಅವರಿಗೆ ಡಾಕ್‌ನಿಂದ ನಿಜವಾದ ಲಾಭವೂ ಇದೆ: ಪ್ಲೇಸ್ಟೇಷನ್ ಮಾಡುವ ಸೋನಿಯದೇ ಡಾಕ್ ಹೆಡ್‌ಫೋನ್ ತೂತಿನ ಪಕ್ಕದ ಲೋಹದ ಪಟ್ಟಿಯಿಂದ ಚಾರ್ಜ್ ಮಾಡುತ್ತದೆ, ಯುಎಸ್‌ಬಿ ತೂತು ಸವೆಯುವುದಿಲ್ಲ. ಕೈ ನಡುಗುವವರಿಗೆ, ಬೆರಳಿಗೆ ಬಲವಿಲ್ಲದವರಿಗೆ ಕೇಬಲ್ ಚುಚ್ಚುವ ಕಷ್ಟವೂ ತಪ್ಪುತ್ತದೆ. ಅವರು ಖಂಡಿತ ಕೊಳ್ಳಲಿ. ಆದರೆ ಚಾರ್ಜ್ ತುಂಬಿದ ಮೇಲೆ ಕಂಟ್ರೋಲರನ್ನು ಡಾಕ್‌ನಿಂದ ಎತ್ತಿಡಿ. ಲಿಥಿಯಂ ಸೆಲ್ ಪೂರ್ತಿ ತುಂಬಿ, ಬಿಸಿಯಲ್ಲಿ ಕೂತಷ್ಟೂ ಬೇಗ ಮುದಿಯಾಗುತ್ತದೆ.

ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು. ನಮಗೂ ಅಂಥದೊಂದು ಕಾಯ್ದೆ ಬರಲೇಬೇಕು. ರಿಪೇರಿಯವರಿಗಾಗಿ ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ ಹತ್ತುವ ಊರಿನವರಿಗೆ ಇದರ ಅಗತ್ಯ ಹೆಚ್ಚು. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಾಗಾದರೆ ಶಿವಮೊಗ್ಗದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮುಂದೆ ಹಳೆಯ ಸೆಲ್ ಹಾಕಲು ಒಂದೊಂದು ಪೆಟ್ಟಿಗೆ ಇಡಿಸಲಿ. ಕೇಳಿ, ಪ್ರತಿ ಸಲ ಕೊಳ್ಳುವಾಗಲೂ ಕೇಳಿ. ಇಲ್ಲವಾದರೆ ಅವೆಲ್ಲ ಹೋಗಿ ಸೇರುವುದು ತುಂಗೆಯ ದಡದ ಕಸದ ರಾಶಿಯನ್ನೇ.