ಹಗ್ಗದ ಹುರಿ ಪರೀಕ್ಷಿಸುವ ಗ್ರಾಹಕ: ಡಿಡಿಆರ್ ಏಕೆ ಇಷ್ಟು ನಿಧಾನ?

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ನನ್ನನ್ನು ಬಿಡದೆ ಕಾಡಿತು: ಜೀವಕೋಶದ ಸುತ್ತ ಸದಾ ಇರುವ ವಸ್ತುವೇ ಅದಕ್ಕೆ ಸಂಕೇತವಾಗಲು ಸಾಧ್ಯವೇ? ಉತ್ತರ ಸಿಗುವುದು ಡಿಡಿಆರ್ (ಡಿಸ್ಕಾಯ್ಡಿನ್ ಡೊಮೈನ್ ರಿಸೆಪ್ಟರ್) ಎಂಬ ಗ್ರಾಹಕದಲ್ಲಿ; ಗ್ರಾಹಕವೆಂದರೆ ಕೋಶದ ಮೇಲ್ಮೈಯಲ್ಲಿದ್ದು ಹೊರಗಿನ ಸಂಕೇತವನ್ನು ಒಳಗೆ ತಿಳಿಸುವ ಪ್ರೋಟೀನು.

ಮೂಲ ಸಂಗತಿಯನ್ನು ಬೇಗ ಮುಗಿಸೋಣ. ಡಿಡಿಆರ್ ಸೇರಿರುವ ಟೈರೋಸಿನ್ ಕೈನೇಸ್ ಎಂಬ ಬಗೆಯ ಗ್ರಾಹಕದ ಹೊರತುದಿಗೆ ಸಂಕೇತದ ಅಣು ಅಂಟಿದರೆ, ಒಳತುದಿಯಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಗಳ ಮೇಲೆ ಫಾಸ್ಫೇಟ್ ಕೂರುತ್ತದೆ; ಸಂದೇಶ ಅಲ್ಲಿಂದ ಮುಂದೆ ಸಾಗುತ್ತದೆ. ಮನುಷ್ಯರಲ್ಲಿ ಇಂತಹ 58 ಗ್ರಾಹಕಗಳಿದ್ದು, ಬಹುತೇಕ ಎಲ್ಲವೂ ಇನ್ಸುಲಿನ್‌ನಂತಹ ಅಣುಗಳು ಬರಲೆಂದು ಕಾಯುತ್ತವೆ. ಆದರೆ ಡಿಡಿಆರ್‌ನ ಎರಡು ಬಗೆಗಳಾದ ಡಿಡಿಆರ್1 ಮತ್ತು ಡಿಡಿಆರ್2 ಯಾವುದಕ್ಕೆ ಕಾಯುತ್ತಿವೆ ಎಂಬುದೇ ತಿಳಿದಿರಲಿಲ್ಲ. 1997ರಲ್ಲಿ ಎರಡು ಸಂಶೋಧನಾ ತಂಡಗಳು ಉತ್ತರ ಕಂಡುಕೊಂಡವು: ಅದು ಕೊಲಾಜನ್, ಅಂದರೆ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವ, ನಮ್ಮ ದೇಹದಲ್ಲೇ ಅತಿ ಹೆಚ್ಚಾಗಿರುವ ಪ್ರೋಟೀನು.

ನನಗೆ ಅತ್ಯಂತ ಇಷ್ಟವಾದ ಸಂಗತಿ ಇನ್ನು ಮುಂದಿದೆ. ಕೊಲಾಜನ್ ಮೂರು ಎಳೆಗಳನ್ನು ಬಿಗಿಯಾಗಿ ಹೊಸೆದ ಹಗ್ಗದಂತಿರುತ್ತದೆ. ಅದನ್ನು ಕಾಯಿಸಿದರೆ ಹುರಿ ಬಿಚ್ಚಿಕೊಂಡು ಎಳೆಗಳು ಬೇರೆಯಾಗುತ್ತವೆ. ಮಾತ್ರೆಯ ಕ್ಯಾಪ್ಸೂಲಿನ ಹೊದಿಕೆಯಲ್ಲಿರುವ ಜೆಲಟಿನ್ ಹುಟ್ಟುವುದು ಹೀಗೆಯೇ. ಅಮೈನೋ ಆಮ್ಲಗಳು ಅವೇ, ಅವುಗಳ ಕ್ರಮವೂ ಅದೇ, ಆದರೂ ಜೆಲಟಿನ್ ಮುಂದಿಟ್ಟರೆ ಡಿಡಿಆರ್ ಎಚ್ಚರಗೊಳ್ಳುವುದಿಲ್ಲ. ಅದು ಗಮನಿಸುವುದು ಬರಿಯ ಎಳೆಯನ್ನಲ್ಲ, ಹುರಿ ಗಟ್ಟಿಯಾಗಿದೆಯೇ ಎಂಬುದನ್ನು. ಹಾಲಿಗೆ ಬೆರೆಸಿ ಕುಡಿಯುವ ದುಬಾರಿ ಕೊಲಾಜನ್ ಪುಡಿಯಲ್ಲಿರುವುದೂ ಕತ್ತರಿಸಿದ ಚೂರುಗಳೇ ಆದ್ದರಿಂದ, ಈ ಗ್ರಾಹಕ ಅದರತ್ತ ತಿರುಗಿಯೂ ನೋಡದು ಎಂಬುದು ಖರೀದಿಸುವವರ ಗಮನಕ್ಕೆ!

ಇದರ ವೇಗವೂ ವಿಚಿತ್ರವಾಗಿದೆ. ಇಜಿಎಫ್ ಎಂಬ ಬೆಳವಣಿಗೆಯ ಅಣುವನ್ನು ಗುರುತಿಸುವ ಇಜಿಎಫ್ ಗ್ರಾಹಕ ಕೆಲವೇ ನಿಮಿಷಗಳಲ್ಲಿ ಉತ್ತುಂಗಕ್ಕೇರಿ ಇಳಿದುಬಿಡುತ್ತದೆ. ಡಿಡಿಆರ್ ಪೂರ್ತಿ ಎಚ್ಚರಗೊಳ್ಳಲು ಗಂಟೆಗಳೇ ಬೇಕು, ಎಚ್ಚರಗೊಂಡ ಮೇಲೆ ಆ ಸ್ಥಿತಿ ಬಹಳ ಹೊತ್ತು ಉಳಿಯುತ್ತದೆ. ಅನೇಕ ಗ್ರಾಹಕಗಳು ಸಂಕೇತ ಬಂದ ಮೇಲೆ ಜೋಡಿಯಾದರೆ, ಇವು ಮೊದಲೇ ಜೋಡಿಯಾಗಿ ಕುಳಿತಿರುತ್ತವೆ. ಹಾಗಿದ್ದೂ ಇಷ್ಟು ತಡವೇಕೆ ಎಂಬುದು ನ್ಯಾಯವಾದ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಇದು ಸುದ್ದಿ ಮುಟ್ಟಿಸುವ ಗ್ರಾಹಕವಲ್ಲ, ಕೋಶಕ್ಕೆ ತಾನಿರುವ ಜಾಗದ ಪರಿಚಯ ಮಾಡಿಕೊಡುವ ಗ್ರಾಹಕ. ಜಾಗವು ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲವಾದ್ದರಿಂದ ಅವಸರವೂ ಬೇಕಿಲ್ಲ. ಸದಾ ಇರುವ ವಸ್ತು ಸಂಕೇತವಾಗುವುದೂ ಹೀಗೆಯೇ: ಅದು ಇದೆಯೇ ಎಂಬುದಕ್ಕಿಂತ ಕೋಶ ಯಾವ ಬಗೆಯ ಕೊಲಾಜನ್ನನ್ನು, ಯಾವ ಸ್ಥಿತಿಯಲ್ಲಿ ಮುಟ್ಟುತ್ತಿದೆ ಎಂಬುದು ಮುಖ್ಯ. ಡಿಡಿಆರ್1 ಹೊದಿಕೆ ಅಂಗಾಂಶದ ತಳಪೊರೆಯಲ್ಲಿರುವ ನಾಲ್ಕನೆಯ ಬಗೆಯ ಕೊಲಾಜನ್ನನ್ನೂ ಗುರುತಿಸುತ್ತದೆ, ಡಿಡಿಆರ್2 ಅದನ್ನು ಗುರುತಿಸುವುದಿಲ್ಲ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಡಿಡಿಆರ್1 ಇಲ್ಲದ ಹೆಣ್ಣಿಲಿಗಳು ಮರಿಗಳಿಗೆ ಹಾಲೂಡಿಸಲಾರವು, ಡಿಡಿಆರ್2 ಇಲ್ಲದ ಇಲಿಗಳು ಕುಳ್ಳಾಗುತ್ತವೆ, ಮನುಷ್ಯರಲ್ಲಿ ಡಿಡಿಆರ್2 ಜೀನ್ ಕೆಟ್ಟರೆ ಕೈಕಾಲುಗಳ ಮೂಳೆ ಗಿಡ್ಡವಾಗುವ ಅಪರೂಪದ ಕಾಯಿಲೆ ಬರುತ್ತದೆ. ಮತ್ತೊಂದು ಪ್ರೋಟೀನನ್ನು ಗುರಿಯಾಗಿಟ್ಟು ರೂಪಿಸಿದ ರಕ್ತದ ಕ್ಯಾನ್ಸರಿನ ಔಷಧಿ ಇಮ್ಯಾಟಿನಿಬ್, ಈ ಎರಡು ಗ್ರಾಹಕಗಳನ್ನೂ ತಡೆಯುತ್ತದೆ.